60 ಗಿಗಾಹರ್ಟ್ಸ್ ಲಿಂಕ್‌ಗೆ ಪಿಎಲ್‌ಎ ಲೆನ್ಸ್ ಸಾಕಾಗುತ್ತದಾ?

ಪ್ರಾಜೆಕ್ಟ್‌ನ 60 ಗಿಗಾಹರ್ಟ್ಸ್ ರೇಡಿಯೊ ಲಿಂಕ್ ಬರೀ ಹಾರ್ನ್‌ನಲ್ಲಿ (ಕಹಳೆಬಾಯಿಯಂಥ ಆಂಟೆನಾ) ದೂರ ಹೋಗುತ್ತಿಲ್ಲ, ಕಾಲೇಜಿನ ತ್ರೀಡಿ ಪ್ರಿಂಟರ್‌ನಲ್ಲಿ ಅಲೆಗಳನ್ನು ಒಂದೇ ಕಡೆ ಒಗ್ಗೂಡಿಸುವ ಪಿಎಲ್‌ಎ (ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್) ಲೆನ್ಸ್ ಮಾಡಿದರೆ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ನಾನಾಗಿದ್ದರೆ ಪ್ರಿಂಟರ್ ಬಿಟ್ಟು ಎಚ್‌ಡಿಪಿಇ (ಹೈ ಡೆನ್ಸಿಟಿ ಪಾಲಿಥಿಲೀನ್ ಪ್ಲಾಸ್ಟಿಕ್) ರಾಡ್ ತರುತ್ತಿದ್ದೆ.

ಈ ಫ್ರೀಕ್ವೆನ್ಸಿಯಲ್ಲಿ ಅಲೆಯ ಉದ್ದ ಬರೀ 5 ಮಿ.ಮೀ. ಹಾಗಾಗಿ 10 ಸೆಂ.ಮೀ. ಅಗಲದ ಲೆನ್ಸ್, ಅರ್ಧ ಎಫಿಶಿಯನ್ಸಿ ಅಂತ ಇಟ್ಟುಕೊಂಡರೂ, ಸುಮಾರು 33 ಡಿಬಿ (ಡೆಸಿಬಲ್) ಗೇನ್, ಅಂದರೆ ಸಿಗ್ನಲ್ ಒಂದೇ ದಿಕ್ಕಿಗೆ ಒಗ್ಗೂಡುವ ಬಲ, ಕೊಡುತ್ತದೆ. 100 ಮೀಟರ್‌ಗೇ 108 ಡಿಬಿ ಲಾಸ್ ಇರುವಾಗ ಎರಡೂ ಕಡೆ ಇದು ಬೇಕೇ ಬೇಕು.

ಎಲ್ಲರೂ ಮೇಲ್ಮೈ ನುಣುಪಿಗೆ ತಲೆಕೆಡಿಸಿಕೊಳ್ಳುತ್ತಾರೆ, ಅಷ್ಟೇನೂ ಬೇಕಿಲ್ಲ. ಅಲೆಯನ್ನು ಪ್ರತಿಫಲಿಸುವ ಡಿಶ್‌ನಲ್ಲಿ 0.2 ಮಿ.ಮೀ. ತಪ್ಪಾದರೆ ಅಲೆಯ ದಾರಿ 0.4 ಮಿ.ಮೀ. ಬದಲಾಗುತ್ತದೆ, ಎಚ್‌ಡಿಪಿಇ ಲೆನ್ಸ್‌ನಲ್ಲಿ ಅದೇ ತಪ್ಪಿಗೆ 0.1 ಮಾತ್ರ. ಹೊಡೆತ ಬೀಳುವುದು ಮೆಟೀರಿಯಲ್‌ನಲ್ಲಿ. ಪಿಎಲ್‌ಎ ಒಳಗೆ ಒಂದು ಸೆಂ.ಮೀ. ದಾಟುವಷ್ಟರಲ್ಲೇ ಸುಮಾರು 0.9 ಡಿಬಿ ಹೋಗುತ್ತದೆ, ಎಚ್‌ಡಿಪಿಇಯಲ್ಲಿ 0.03 ಕೂಡ ಆಗಲ್ಲ. ಜೊತೆಗೆ ಪ್ರಿಂಟ್‌ನ ಪದರಗಳ ನಡುವೆ ಗಾಳಿ ಉಳಿದರೆ ಡೈಎಲೆಕ್ಟ್ರಿಕ್ ಬೆಲೆಯೇ (ವಸ್ತು ಅಲೆಯನ್ನು ಎಷ್ಟು ನಿಧಾನ ಮಾಡುತ್ತದೆ ಅನ್ನುವುದು) ಬದಲಾಗಿ ಫೋಕಸ್ ಜರುಗುತ್ತದೆ. ಪ್ರಿಂಟ್ ಮಾಡಲೇಬೇಕು ಅಂದರೆ 100% ಇನ್‌ಫಿಲ್ ಇಡಿ, ಅಂದರೆ ಒಳಗೆ ಪೂರ್ತಿ ತುಂಬಿರಲಿ.

ನೀವು ಬೆಂಗಳೂರಿನಲ್ಲೇ ಇದ್ದೀರಲ್ವಾ, ಪೀಣ್ಯದಲ್ಲಿ ಯಾವುದಾದರೂ ಸಿಎನ್‌ಸಿ ಲೇತ್‌ನಲ್ಲಿ ಟರ್ನಿಂಗ್ ಮಾಡಿಸಿ. ಒಂದು ಮುಖ ಚಪ್ಪಟೆ, ಹಾರ್ನ್ ಕಡೆಯದು ಹೈಪರ್ಬೋಲಾ. ಫೋಕಸ್ 100 ಮಿ.ಮೀ. ಇಟ್ಟರೆ ಆ ವಕ್ರರೇಖೆ r = 52 / (1.52 cos θ − 1), r ಅನ್ನುವುದು ಫೋಕಸ್‌ನಿಂದ ದೂರ ಮಿ.ಮೀ.ನಲ್ಲಿ, θ ಲೆನ್ಸ್‌ನ ನಡುಗೆರೆಯಿಂದ ಕೋನ, 1.52 ಎಚ್‌ಡಿಪಿಇಯ ವಕ್ರೀಭವನಾಂಕ. ನಡುವಿನ ದಪ್ಪ 19 ಮಿ.ಮೀ. ಬರುತ್ತದೆ, ಅಂಚಿಗೆ ಹಿಡಿದುಕೊಳ್ಳಲು ಸ್ವಲ್ಪ ಜಾಸ್ತಿ ಬಿಡಿಸಿ. ಎಚ್‌ಡಿಪಿಇ ಮೆತ್ತಗೆ, ಕಟ್ ಮಾಡುವಾಗ ಬಿಸಿಯಾಗಿ ಉಬ್ಬುತ್ತದೆ, ಅದಕ್ಕೇ ಪೂರ್ತಿ ತಣ್ಣಗಾದ ಮೇಲೆ ಕೊನೆಯ ಕಟ್ ತೆಗೆಯಲು ಹೇಳಿ.

ನಿಮ್ಮ ಹಾರ್ನ್ 20 ಡಿಬಿಯದ್ದಾದರೆ ಅದು ಲೆನ್ಸ್‌ನ ನಡುಭಾಗವನ್ನಷ್ಟೇ ಬೆಳಗುತ್ತದೆ, ಅಂಚು ಸುಮ್ನೆ ದಂಡ. 15 ಡಿಬಿ ಆಸುಪಾಸಿನದ್ದು ಹುಡುಕಿ. ಹಾರ್ನ್ ಹಿಂದೆ ಮುಂದೆ ಜಾರುವಂತೆ ಸ್ಲಾಟ್ ಇಟ್ಟು, ಒಂದೊಂದೇ ಮಿ.ಮೀ. ಸರಿಸಿ ಸಿಗ್ನಲ್ ನೋಡಿ. ಇನ್ನೊಂದು, ಚಪ್ಪಟೆ ಮುಖಕ್ಕೆ ಬಡಿದ ಪವರ್‌ನಲ್ಲಿ ಸುಮಾರು 4% ನೇರ ಹಾರ್ನ್‌ಗೇ ವಾಪಸ್ ಬರುತ್ತದೆ. ರೀಡಿಂಗ್ ಏರುಪೇರಾದರೆ ಲೆನ್ಸನ್ನು ಒಂದೆರಡು ಡಿಗ್ರಿ ಓರೆ ಮಾಡಿ ನೋಡಿ.