ಬೆಂಗಳೂರು ಎಫ್‌ಸಿಯ ನಿಜವಾದ ದೊಡ್ಡ ಸೀಸನ್ ಯಾವುದು, 2017–18 ಅಥವಾ 2018–19?

ನೀವು ಕೇಳಿರುವುದು ಇದು: ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಬಂದ ಮೊದಲ ವರ್ಷವೇ ಲೀಗ್ ಹಂತದಲ್ಲಿ 40 ಅಂಕ ಗಳಿಸಿದ ತಂಡಕ್ಕೆ ಕಪ್ ಸಿಗಲಿಲ್ಲ, ಮರುವರ್ಷ 34 ಅಂಕಕ್ಕೇ ಸಿಕ್ಕಿತು, ಹಾಗಾದರೆ ಎರಡನೆಯದು ಬರೀ ಅದೃಷ್ಟವಾ? ನನ್ನ ಉತ್ತರ 2018–19. ಅದೃಷ್ಟ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು 2017–18ಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಆಲ್ಬರ್ಟ್ ರೋಕಾ ಕೋಚ್. 18 ಪಂದ್ಯದಲ್ಲಿ 13 ಗೆಲುವು. ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದೆ. ಮಿಕು 15 ಗೋಲು, ಸುನಿಲ್ ಛೆಟ್ರಿ 14. ನೋಡೋಕೆ ತುಂಬಾ ಚೆಂದದ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ 2018ರ ಮಾರ್ಚ್ 17ರಂದು ನಮ್ಮದೇ ಕಂಠೀರವದಲ್ಲಿ ಫೈನಲ್ ಇಟ್ಟುಕೊಂಡು, ಒಂಬತ್ತನೇ ನಿಮಿಷಕ್ಕೇ ಛೆಟ್ರಿ ಗೋಲು ಹೊಡೆದ ಮೇಲೂ ಅದೇ ಚೆನ್ನೈಯಿನ್‌ಗೆ 3–2ಕ್ಕೆ ಸೋತೆವು. ಸೋತದ್ದು ಹೇಗೆ ಅನ್ನೋದು ಮುಖ್ಯ. ಅವರ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಹೆಡರ್ ಹಾಕಿದ. ಓಡುವ ಚೆಂಡಿನಲ್ಲಿ ಯಾರನ್ನು ಬೇಕಾದರೂ ಆಡಿಸುತ್ತಿದ್ದ ತಂಡ ನಿಂತ ಚೆಂಡಿಗೆ ತಲೆಬಾಗಿತು.

ರೋಕಾ ಹೋದರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆದರು. ಆಟ ಸ್ವಲ್ಪ ಬದಲಾಯಿತು, ಅಂದವೂ ಒಂದು ಚೂರು ಕಮ್ಮಿ ಆಯಿತು ಅಂತಲೇ ಇಟ್ಟುಕೊಳ್ಳಿ. ಅದರ ಮೇಲೆ ಮಿಕು ಗಾಯವಾಗಿ ಸೀಸನ್ ಮಧ್ಯದಲ್ಲಿ ಎಷ್ಟೋ ಪಂದ್ಯ ಹೊರಗೇ ಉಳಿದ. ಹಿಂದಿನ ವರ್ಷ 15 ಗೋಲು ಹೊಡೆದವನೇ ಇಲ್ಲದಿದ್ದರೆ ಸಾಮಾನ್ಯವಾಗಿ ತಂಡ ಕುಸಿಯುತ್ತೆ, ಅಲ್ವಾ? ಇವರು ಕುಸಿಯಲಿಲ್ಲ. ಮೊದಲ 11 ಪಂದ್ಯದಲ್ಲಿ ಒಂದೂ ಸೋಲಿಲ್ಲ: ಎಂಟು ಗೆಲುವು, ಮೂರು ಡ್ರಾ.

ಆ ಗೆಲುವುಗಳು ಎಂಥವು ಅಂತ ನೋಡಿ. ನವೆಂಬರ್ ಕೊನೆಯಲ್ಲಿ ಒಂದೇ ವಾರದಲ್ಲಿ ಕಂಠೀರವದಲ್ಲಿ ಎರಡು ಪಂದ್ಯ. ಡೆಲ್ಲಿ ಡೈನಮೋಸ್ ವಿರುದ್ಧ 87ನೇ ನಿಮಿಷದವರೆಗೂ ಗೋಲಿಲ್ಲ, ಆಗ ಉದಾಂತ ಸಿಂಗ್ ಹೊಡೆದ, 1–0. ನಾಲ್ಕು ದಿನ ಬಿಟ್ಟು ಪುಣೆ ಸಿಟಿ ಬಂತು. ಉದಾಂತ ಬೇಗನೇ ಮುನ್ನಡೆ ಕೊಟ್ಟ, ಐದೇ ನಿಮಿಷಕ್ಕೆ ರಾಹುಲ್ ಭೇಕೆ ತನ್ನದೇ ಗೋಲಿಗೆ ಚೆಂಡು ಹಾಕಿಬಿಟ್ಟ. ಡಿಫೆಂಡರ್‌ಗೆ ಅದಕ್ಕಿಂತ ಕೆಟ್ಟ ಸಂಜೆ ಇಲ್ಲ. ಮುಂದೆ ಒಂದು ಗಂಟೆಗೂ ಜಾಸ್ತಿ ಹೊತ್ತು ಸ್ಕೋರ್ 1–1 ಹಾಗೇ ನಿಂತಿತ್ತು. 88ನೇ ನಿಮಿಷದಲ್ಲಿ ಎದುರಾಳಿ ಗೋಲಿನ ಮುಂದೆ ಹೋಗಿ ಗೆಲುವಿನ ಗೋಲು ಹೊಡೆದವನು ಅದೇ ಭೇಕೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇಂಥ ಗೆಲುವನ್ನೇ ಕೆಲವರು ಅದೃಷ್ಟ ಅನ್ನುತ್ತಾರೆ. ಒಂದು ಸಲ ಆದರೆ ಅದೃಷ್ಟ ಅನ್ನಬಹುದು. ಮತ್ತೆ ಮತ್ತೆ ಕೊನೇ ಗಳಿಗೆಯಲ್ಲಿ ಗೋಲು ಬರುತ್ತಿದ್ದರೆ ಆ ತಂಡದ ಕಾಲಲ್ಲಿ ಇನ್ನೂ ದಮ್ ಇದೆ, ತಲೆಯಲ್ಲಿ ಗಾಬರಿ ಇಲ್ಲ ಅಂತಲೇ ಅರ್ಥ.

ಏಷ್ಯನ್ ಕಪ್ ಬಿಡುವಿನ ನಂತರ ಆಟ ಕೆಟ್ಟಿದ್ದು ನಿಜ, ಮುಚ್ಚಿಡುವುದೇನಿಲ್ಲ. ಉಳಿದ ಏಳು ಪಂದ್ಯದಲ್ಲಿ ನಾಲ್ಕು ಸೋಲು, ಅದರಲ್ಲಿ ಕೊನೆಯದು ಜಮ್‌ಶೆಡ್‌ಪುರದಲ್ಲಿ 5–1. ನಿಮ್ಮ 34 ಅಂಕದ ಪ್ರಶ್ನೆಗೆ ಕಾರಣ ಈ ಏಳು ಪಂದ್ಯಗಳೇ. ಆದರೆ ಇದೇ ಏಳರಲ್ಲಿ ಫೆಬ್ರವರಿ 21ರ ಗೋವಾ ಪಂದ್ಯವೂ ಇದೆ. ಟೇಬಲ್‌ನಲ್ಲಿ ಮೊದಲ ಸ್ಥಾನಕ್ಕೆ ಪೈಪೋಟಿ ಇದ್ದದ್ದೇ ಈ ಎರಡು ತಂಡಕ್ಕೆ. ಮೊದಲಾರ್ಧದಲ್ಲೇ ನಿಶು ಕುಮಾರ್‌ಗೆ ರೆಡ್ ಕಾರ್ಡ್. ಹತ್ತೇ ಜನ ಉಳಿದರು. ಎದುರಿಗೆ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದ ತಂಡ. ಹತ್ತು ಜನ ಸುಮ್ನೆ ಹಿಂದೆ ಕೂತು ಡ್ರಾ ಮಾಡಿಕೊಂಡಿದ್ದರೂ ಯಾರೂ ಬೈಯುತ್ತಿರಲಿಲ್ಲ. ಇವರು ದ್ವಿತೀಯಾರ್ಧದಲ್ಲಿ ಮೂರು ಗೋಲು ಹೊಡೆದರು: ಹುವಾನನ್, ಉದಾಂತ, ಮಿಕು. ಕೊನೆಗೆ ಎರಡೂ ತಂಡಕ್ಕೆ 34 ಅಂಕವೇ ಬಂದವು, ಗೋಲು ವ್ಯತ್ಯಾಸದಲ್ಲಿ ಗೋವಾ ನಮಗಿಂತ ಎಷ್ಟೋ ಮುಂದಿತ್ತು. ಪರಸ್ಪರ ಆಡಿದ ಎರಡೂ ಪಂದ್ಯ ನಾವು ಗೆದ್ದಿದ್ದರಿಂದ ಮೊದಲ ಸ್ಥಾನ ನಮಗೆ ಸಿಕ್ಕಿತು. ಆಗ ಲೀಗ್ ಟಾಪ್ ಬಂದವರಿಗೆ ಶೀಲ್ಡ್ ಕೂಡ ಇರಲಿಲ್ಲ, ಅದು ಶುರುವಾಗಿದ್ದು ಮುಂದಿನ ಸೀಸನ್‌ನಿಂದ. ನನ್ನನ್ನು ಕೇಳಿದರೆ ಇದು ಆ ತಂಡಕ್ಕೆ ಆದ ಅನ್ಯಾಯ.

ಸೆಮಿಫೈನಲ್ ಅಂದರೆ ಎರಡು ಪಂದ್ಯ: ಗುವಾಹಟಿಯಲ್ಲಿ ನಾರ್ತ್‌ಈಸ್ಟ್‌ಗೆ 2–1 ಸೋತು, ಇಲ್ಲಿ ಬೆಂಗಳೂರಿನಲ್ಲಿ 3–0 ಗೆದ್ದರು, ಒಟ್ಟು ಗೋಲಿನ ಲೆಕ್ಕದಲ್ಲಿ ಫೈನಲ್‌ಗೆ ಹೋದರು. ಇಲ್ಲೂ 72ನೇ ನಿಮಿಷದವರೆಗೆ ಗೋಲಿಲ್ಲ.

ಫೈನಲ್ 2019ರ ಮಾರ್ಚ್ 17, ಹಿಂದಿನ ವರ್ಷ ಸೋತ ಅದೇ ತಾರೀಖು. ಮುಂಬೈ ಫುಟ್‌ಬಾಲ್ ಅರೀನಾ, ಎದುರಿಗೆ ಮತ್ತೆ ಗೋವಾ. ಆ ಸೀಸನ್‌ನಲ್ಲಿ 16 ಗೋಲು ಹೊಡೆದಿದ್ದ ಗೋವಾದ ಕೋರೊಗೆ ಜಾಗವೇ ಕೊಡಲಿಲ್ಲ. 90 ನಿಮಿಷ 0–0. ಎಕ್ಸ್‌ಟ್ರಾ ಟೈಮ್‌ನ ಮೊದಲರ್ಧ ಮುಗಿಯುವ ಹೊತ್ತಿಗೆ ಗೋವಾದ ಜಹೂಗೆ ಎರಡನೇ ಹಳದಿ ಕಾರ್ಡ್. ಪೆನಾಲ್ಟಿಗೆ ಹೋಗುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾಗ, 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ತೆಗೆದ. ಚೆಂಡು ಬಾಗಿ ಬಂತು, ಭೇಕೆ ತಲೆ ಕೊಟ್ಟ, ಕಂಬಕ್ಕೆ ತಾಗಿ ಒಳಗೆ ಹೋಯಿತು. ಹಿಂದಿನ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ್ದು ಕಾರ್ನರ್ ಮತ್ತು ಹೆಡರ್, ಈ ಸಲ ಗೆಲ್ಲಿಸಿದ್ದೂ ಅದೇ. ಒಂದು ವರ್ಷ ಆ ಜಾಗದ ಮೇಲೆ ಎಷ್ಟು ಕೆಲಸ ಮಾಡಿರಬೇಕು ಯೋಚಿಸಿ. ಅಲ್ಲಿಯವರೆಗೆ ಐಎಸ್‌ಎಲ್‌ನಲ್ಲಿ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡ ಒಂದು ಸಲವೂ ಕಪ್ ಗೆದ್ದಿರಲಿಲ್ಲ.

ಅದಾದ ಮೇಲೆ 2022–23ರಲ್ಲಿ ಫೈನಲ್‌ಗೆ ಹೋಗಿ ಪೆನಾಲ್ಟಿಯಲ್ಲಿ ಸೋತೆವು, 2024–25ರಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ಸೋತೆವು. ಫೈನಲ್‌ನ ಕೊನೇ ನಿಮಿಷಗಳನ್ನು ದಾಟುವುದು ಎಷ್ಟು ಕಷ್ಟ ಅಂತ ಈ ಎರಡು ಸೋಲು ನೋಡಿದವರಿಗೆ ಗೊತ್ತು. ಅದಕ್ಕೇ 40 ಅಂಕದ ತಂಡಕ್ಕಿಂತ 34 ಅಂಕದ ತಂಡ ನನಗೆ ದೊಡ್ಡದು. ಹಳೇ ಪಂದ್ಯದ ವಿಡಿಯೊ ಸಿಕ್ಕರೆ ಫೈನಲ್‌ಗಿಂತ ಮೊದಲು ಆ ಹತ್ತು ಜನ ಆಡಿದ ಗೋವಾ ಪಂದ್ಯ ನೋಡಿ, ಅದರಲ್ಲೂ ದ್ವಿತೀಯಾರ್ಧ.