ಮರಳು ದಿಬ್ಬಕ್ಕೆ ಐಸ್ ಪ್ಲಾಂಟ್: ನೆಡಬೇಡಿ, ನೆಟ್ಟಿದ್ದರೆ ಹೀಗೆ ತೆಗೆಯಿರಿ

ಮೇಡಂ, ನಿಮ್ಮ ಫೋಟೋ ನೋಡಿದೆ. ಕಡಲ ದಂಡೆಯ ಇಳಿಜಾರಿನ ತುಂಬಾ ಹಳದಿ, ಗುಲಾಬಿ ಹೂವಿನ ಹಾಸು. ಒಂದು ತುಂಡು ಮುರಿದುಕೊಂಡು ಬರೋಣ ಅಂತ ಯಾರಿಗಾದರೂ ಅನಿಸುತ್ತದೆ. ಮನೆ ಹಿಂದಿನ ಮರಳು ದಿಬ್ಬ ಜಾರುತ್ತಿದೆ, ಈ ಐಸ್ ಪ್ಲಾಂಟ್ ಹಬ್ಬಿಸಿದರೆ ನಿಲ್ಲುತ್ತದಾ ಎಂದು ಕೇಳಿದ್ದೀರಿ. ಒಂದು ಮೂಲೆಯಲ್ಲಿ ಆಗಲೇ ನೆಟ್ಟೂ ಆಗಿದೆ ಎಂದಿದ್ದೀರಿ. ನಿಲ್ಲುವುದಿಲ್ಲ. ನೆಟ್ಟಿದ್ದನ್ನೂ ಈಗಲೇ ತೆಗೆದುಬಿಡಿ.

ಮೊದಲು ಗಿಡ ಅದೇನಾ ನೋಡಿಕೊಳ್ಳಿ, ಯಾಕೆಂದರೆ ಐಸ್ ಪ್ಲಾಂಟ್ ಎಂಬ ಹೆಸರಲ್ಲಿ ಬೇರೆ ಬೇರೆ ಗಿಡಗಳು ಓಡಾಡುತ್ತವೆ. ಒಂದು ಎಲೆಯನ್ನು ಅಡ್ಡ ಕತ್ತರಿಸಿ. ಬೆರಳಿನಂಥ ದಪ್ಪ ಎಲೆ, ಕತ್ತರಿಸಿದ ಜಾಗದಲ್ಲಿ ಮೂರು ಮೂಲೆ, ಹಳದಿಯಾಗಿ ಅರಳಿ ಬಾಡುವಾಗ ಗುಲಾಬಿಗೆ ತಿರುಗುವ ಹೂವು. ಇಷ್ಟೂ ಇದ್ದರೆ ಅದು ಕಾರ್ಪೊಬ್ರೋಟಸ್ ಎಡುಲಿಸ್. ತವರು ದಕ್ಷಿಣ ಆಫ್ರಿಕಾ. ಅಲ್ಲಿ ಅದರ ಹಣ್ಣಿನಿಂದ ಜಾಮ್ ಮಾಡುತ್ತಾರೆ, ಯಾರಿಗೂ ತೊಂದರೆ ಇಲ್ಲ.

ನಿಮಗೆ ಹೊಳೆದದ್ದೇ ಕ್ಯಾಲಿಫೋರ್ನಿಯಾದವರಿಗೂ ಹೊಳೆದಿತ್ತು. 20ನೇ ಶತಮಾನದ ಆರಂಭದಲ್ಲಿ ರೈಲು ಹಳಿ ಪಕ್ಕದ ಮಣ್ಣು ನಿಲ್ಲಲಿ ಎಂದು ತಂದು ಹಾಕಿದರು. ಆಮೇಲೆ 1970ರ ದಶಕದವರೆಗೂ ಹೆದ್ದಾರಿ ಬದಿಯಲ್ಲಿ ಸಾವಿರಾರು ಎಕರೆ ನೆಟ್ಟರು. ತಮಾಷೆ ಏನಂದ್ರೆ, ಅದೇ ದಶಕದಲ್ಲಿ ಗಿಡಕ್ಕೆ ರಸ ಹೀರುವ ಸ್ಕೇಲ್ ಕೀಟ ಬಿದ್ದಾಗ, ಅದನ್ನು ಕೊಲ್ಲುವ ಪುಟ್ಟ ಕಣಜಗಳನ್ನು ದಕ್ಷಿಣ ಆಫ್ರಿಕಾದಿಂದ ತರಿಸಿ ಗಿಡ ಉಳಿಸಿಕೊಂಡರು. ಈಗ ಅಲ್ಲೇ ಜನ ಗುಂಪು ಕಟ್ಟಿಕೊಂಡು ಹೋಗಿ ಕೈಯಲ್ಲಿ ಕೀಳುತ್ತಿದ್ದಾರೆ.

ಎಡವಟ್ಟು ಇರುವುದು ಬೇರಿನಲ್ಲಿ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಆದರೆ ಎಲ್ಲಾ ಮೇಲ್ಮೇಲೆ. ಎಲೆಯಲ್ಲಿ ಬರೀ ನೀರು. ವರ್ಷಕ್ಕೆ ಸುಮಾರು ಒಂದು ಮೀಟರ್ ಹರಡುತ್ತಾ, ಒಂದರ ಮೇಲೊಂದು ಬೆಳೆದು, ಮೊಣಕಾಲೆತ್ತರದ ಒದ್ದೆ ಹಾಸಿಗೆ ಆಗುತ್ತದೆ. ಜೋರು ಮಳೆ ಬಂದಾಗ ಕಡಿದಾದ ಇಳಿಜಾರಿನಲ್ಲಿ ಆ ಭಾರವೇ ಮಣ್ಣನ್ನು ಕೆಳಗೆಳೆಯುತ್ತದೆ. ದೂರದಿಂದ ನೋಡಿದರೆ ದಿಬ್ಬವನ್ನು ಹಿಡಿದುಕೊಂಡಂತೆ ಕಾಣುತ್ತದೆ, ಅಷ್ಟೇ. ಅಡಿಯಲ್ಲಿದ್ದ ಸಣ್ಣ ಗಿಡಗಳು ಬೆಳಕಿಲ್ಲದೆ ಸಾಯುತ್ತವೆ. ಹಣ್ಣು ತಿಂದ ಇಲಿ, ಮೊಲಗಳು ಬೀಜವನ್ನು ಪಕ್ಕದ ದಂಡೆಗೂ ಮುಟ್ಟಿಸುತ್ತವೆ.

ತೆಗೆಯುವುದು ಕಷ್ಟವಲ್ಲ, ಆದರೆ ಅವಸರ ಮಾಡಿದರೆ ಕೆಡುತ್ತದೆ. ಮಣ್ಣು ಸ್ವಲ್ಪ ತೇವ ಇರುವಾಗ ಅಂಚಿನಿಂದ ಶುರು ಮಾಡಿ, ಚಾಪೆ ಸುತ್ತಿದ ಹಾಗೆ ಸುತ್ತುತ್ತಾ ಬನ್ನಿ. ಬೇರು ಸಲೀಸಾಗಿ ಬರುತ್ತದೆ. ಕಡ್ಡಿ ತುಂಡಾಗಿ ಮರಳಲ್ಲಿ ಉಳಿದರೆ ಅದೇ ಹೊಸ ಗಿಡ, ಹಾಗಾಗಿ ಹುಡುಕಿ ಹೆಕ್ಕಿ. ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಕೈ ಹಾಕಬೇಡಿ, ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳು ದಂಡೆಯಲ್ಲಿ ಜಾಸ್ತಿ. ದಿಬ್ಬ ಕಡಿದಾಗಿದ್ದರೆ ಒಂದೇ ಸಲ ಪೂರ್ತಿ ಬೋಳು ಮಾಡಬೇಡಿ. ಅಡ್ಡಡ್ಡ ಪಟ್ಟಿಗಳಾಗಿ ತೆಗೆದು, ಒಂದು ಪಟ್ಟಿಯಲ್ಲಿ ಬೇರೆ ಗಿಡ ಕಚ್ಚಿಕೊಂಡ ಮೇಲೆ ಮುಂದಿನದಕ್ಕೆ ಹೋಗಿ.

ಕಿತ್ತದ್ದನ್ನು ಏನು ಮಾಡುವುದು ಅನ್ನುವುದೇ ಮುಖ್ಯ. ನೀರು ತುಂಬಿದ ಎಲೆ ಅಲ್ವಾ, ವಾರಗಟ್ಟಲೆ ಬದುಕಿರುತ್ತದೆ. ಹಣ್ಣುಗಳನ್ನು ಬೇರೆ ಚೀಲಕ್ಕೆ ಹಾಕಿ. ಉಳಿದದ್ದನ್ನು ಬೇರು ಮೇಲೆ ಮಾಡಿ ರಾಶಿ ಹಾಕಿ, ಕಪ್ಪು ಟಾರ್ಪಾಲು ಮುಚ್ಚಿ, ಪೂರ್ತಿ ಕೊಳೆಯುವವರೆಗೆ ತಿಂಗಳುಗಟ್ಟಲೆ ಹಾಗೇ ಬಿಡಿ. ನಾನು ಒಮ್ಮೆ ವೆಡೇಲಿಯಾ ಎಂಬ ನೆಲಕ್ಕೆ ಹಬ್ಬುವ ಬಳ್ಳಿ ಕಿತ್ತು ಸುಮ್ನೆ ಗೊಬ್ಬರದ ಗುಂಡಿಗೆ ಎಸೆದಿದ್ದೆ. ಎರಡೇ ತಿಂಗಳು, ಗುಂಡಿಯ ಅಂಚಿನಲ್ಲಿ ಹಳದಿ ಹೂವು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು! ಜಾಗ ಖಾಲಿಯಾದ ಮೇಲೂ ಕೆಲವು ವರ್ಷ ಮಳೆ ಮುಗಿದಾಗ ಒಂದು ಸುತ್ತು ಹಾಕಿ. ಬೀಜದಿಂದ ಮರಿಗಳು ಏಳುತ್ತಿರುತ್ತವೆ.

ಅಂದಹಾಗೆ, ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಐಸ್ ಪ್ಲಾಂಟ್ ಬದಲು ವೆಡೇಲಿಯಾ ಹಾಕಿ ಎಂದಿದ್ದಾರೆ. ದಯವಿಟ್ಟು ಬೇಡ ಸರ್. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಇನ್ನೊಬ್ಬರು ಹೇಳಿದ ರೋಸಾ ರುಗೋಸಾ ಗುಲಾಬಿ ಚಳಿ ದೇಶಗಳ ದಂಡೆಗೆ ಇದೇ ತರಹದ ತಲೆನೋವು. ಪೂರ್ವ ಏಷ್ಯಾದ ಗಿಡ, ಯುರೋಪಿಗೆ ಜನರೇ ತಂದು ನೆಟ್ಟದ್ದು. ಅದರ ಕೆಂಪು ಕಾಯಿ ನೀರಲ್ಲಿ ತೇಲಿಕೊಂಡು ದಂಡೆಯಿಂದ ದಂಡೆಗೆ ಹೋಗಿ ಡೆನ್ಮಾರ್ಕ್, ಜರ್ಮನಿಯ ಮರಳು ದಿಬ್ಬಗಳಲ್ಲಿ ಬೇರೂರಿದೆ. ಇಂಗ್ಲೆಂಡಿನಲ್ಲಿ ಈ ಗುಲಾಬಿಯನ್ನಾಗಲಿ ಐಸ್ ಪ್ಲಾಂಟನ್ನಾಗಲಿ ತೋಟದ ಹೊರಗೆ, ಕಾಡು ಜಾಗದಲ್ಲಿ ನೆಟ್ಟರೆ ಅಪರಾಧ.

ಹೂವೂ ಬೇಕು, ದಿಬ್ಬವೂ ನಿಲ್ಲಬೇಕು ಎಂದರೆ ನಿಮ್ಮ ದಂಡೆಯಲ್ಲಿ ತಾನಾಗಿಯೇ ಬೆಳೆಯುವುದನ್ನು ನೋಡಿ. ಬೆಚ್ಚನೆಯ ಕಡಲ ತೀರವಾದರೆ ಅಡುಂಬು ಬಳ್ಳಿ ಇದ್ದೇ ಇರುತ್ತದೆ. ಮೇಕೆ ಗೊರಸಿನಂಥ ಎಲೆ, ನೇರಳೆ ಹೂವು. ಉದ್ದಕ್ಕೆ ಓಡಿ ಮರಳನ್ನು ತಡೆಯುತ್ತದೆ, ಭಾರವೂ ಇಲ್ಲ. ಅದರ ನಡುವೆ ಅಲ್ಲಿನದೇ ಮರಳು ಹುಲ್ಲನ್ನು ಹತ್ತಿರ ಹತ್ತಿರ ನೆಡಿ.

ಅದಕ್ಕೂ ಮುಂಚೆ ಒಂದು ಕೆಲಸ. ಜೋರು ಮಳೆಯಲ್ಲಿ ಹೊರಗೆ ನಿಂತು, ಚಾವಣಿ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ ನೋಡಿ. ದಿಬ್ಬದ ನೆತ್ತಿಗೆ ಬೀಳುತ್ತಿದ್ದರೆ ಯಾವ ಗಿಡ ನೆಟ್ಟರೂ ನಿಲ್ಲುವುದಿಲ್ಲ. ಆ ಕಡೆಯ ಫೋಟೋ ಒಂದು ಹಾಕಿ, ನೋಡೋಣ.