ಪರದೆ ಸರಿಸಿದರೆ ಗೋಡೆ!

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ. ಕಳೆದ ತಿಂಗಳು ನಾನೂ ನನ್ನ ಮನೆಯವರೂ ಸಿಂಗಪುರ ನೋಡಲು ಹೋಗಿದ್ದೆವು. ಮಗ ಮೊಬೈಲ್‌ನಲ್ಲೇ ಲಿಟಲ್ ಇಂಡಿಯಾ ಹತ್ತಿರ ನಾಲ್ಕು ರಾತ್ರಿಗೆ ರೂಮ್ ಬುಕ್ ಮಾಡಿದ್ದ. ಬೆಳಿಗ್ಗೆ ಎಂಟಕ್ಕೆ ಹೋಟೆಲ್ ಮುಟ್ಟಿದರೆ, ರೂಮ್ ಕೊಡೋದು ಮಧ್ಯಾಹ್ನ 3ಕ್ಕೆ ಅಂದರು. ಮಂಡಿನೋವಿನ ಹೆಂಗಸು ಏಳು ಗಂಟೆ ಕಾಲ ಲಾಬಿಯ ಸೋಫಾದಲ್ಲಿ ಕೂತಳು. ಫೋಟೊದಲ್ಲಿ ಚೆಂದದ ಪರದೆ ಇತ್ತು. ಒಳಗೆ ಹೋಗಿ ಪರದೆ ಸರಿಸಿದೆ, ಹಿಂದೆ ಬರೀ ಗೋಡೆ! ಕಿಟಕಿಯೇ ಇಲ್ಲ. ಒಬ್ಬರು ಮಂಚ ಹತ್ತಿ ಕೂತರೆ ಮಾತ್ರ ಇನ್ನೊಬ್ಬರು ಸೂಟ್‌ಕೇಸ್ ಬಿಚ್ಚಬಹುದು. ನನ್ನವಳು ಪಕ್ಕದ ಮನೆಯವರಿಗೆ ತೋರಿಸಲು ವಿಡಿಯೊ ಬೇರೆ ಮಾಡಿಕೊಂಡಳು. ಡೆಬಿಟ್ ಕಾರ್ಡ್‌ನಲ್ಲಿ 100 ಡಾಲರ್ ಡೆಪಾಸಿಟ್ ಹಿಡಿದರು. ಊರಿಗೆ ಬಂದು 12 ದಿನವಾದರೂ ವಾಪಸ್ ಬಂದಿಲ್ಲ. ಮಗ ‘ಬಿಟ್ಹಾಕಪ್ಪ’ ಅಂತಾನೆ. ಬಿಡಬೇಕಾ?
– ಹೆಸರು ಬೇಡ, ಮಂಡ್ಯ

ಉತ್ತರ: ಬಿಡಬೇಡಿ ಮೇಷ್ಟ್ರೇ. ಆದರೆ ಕಿಟಕಿಯ ಜಗಳ ಬೇರೆ, ಡೆಪಾಸಿಟ್ಟಿನ ಜಗಳ ಬೇರೆ. ಎರಡನ್ನೂ ಒಂದೇ ಪತ್ರದಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

ಮೊದಲು ಡೆಪಾಸಿಟ್. ಹೋಟೆಲ್‌ನವರು ಸಾಮಾನ್ಯವಾಗಿ ಆ ದುಡ್ಡನ್ನು ತೆಗೆದುಕೊಳ್ಳುವುದಿಲ್ಲ, ತಡೆದು ಇಡಿಸುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಮಿತಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಡೆಬಿಟ್ ಕಾರ್ಡ್ ಆದರೆ ಖಾತೆಯ ದುಡ್ಡೇ ಹೋದ ಹಾಗೆ ಕಾಣುತ್ತದೆ. ಅವರು ಬಿಟ್ಟುಕೊಟ್ಟ ಮೇಲೂ ಬ್ಯಾಂಕಿನಿಂದ ಬ್ಯಾಂಕಿಗೆ ಬರುವಷ್ಟರಲ್ಲಿ ಎರಡು ಮೂರು ವಾರ ಹಿಡಿಯುವುದುಂಟು. ಇವತ್ತೇ ಹೋಟೆಲ್‌ಗೆ ಒಂದು ಮೇಲ್ ಹಾಕಿ. ಡೆಪಾಸಿಟ್ ಯಾವ ದಿನ ಬಿಡುಗಡೆ ಮಾಡಿದಿರಿ, ಅಪ್ರೂವಲ್ ಕೋಡ್ (ಆ ವ್ಯವಹಾರದ ಗುರುತಿನ ನಂಬರ್) ಏನು, ಇಷ್ಟು ಕೇಳಿ ಸಾಕು. ಉತ್ತರದ ಪ್ರಿಂಟ್ ಹಿಡಿದು ನಿಮ್ಮ ಬ್ಯಾಂಕಿಗೆ ಹೋಗಿ. ಸುಮ್ನೆ ‘ದುಡ್ಡು ಬಂದಿಲ್ಲ’ ಅಂದರೆ ಕೌಂಟರಿನವರು ‘ಕಾಯಿರಿ’ ಅಂತಾರೆ. ಕೋಡ್ ಕೊಟ್ಟರೆ ಹುಡುಕಲೇಬೇಕು.

ಇನ್ನು ಕಿಟಕಿ. ಸಿಂಗಪುರದ ಅಗ್ಗದ ಹೋಟೆಲ್‌ಗಳಲ್ಲಿ ಕಿಟಕಿಯಿಲ್ಲದ ರೂಮ್ ಮಾಮೂಲು. ಅದನ್ನು ‘ನೋ ವಿಂಡೋ’ ಅಂತ ಬರೆದೇ ಕಡಿಮೆ ದರಕ್ಕೆ ಮಾರುತ್ತಾರೆ. ಮಗನ ಮೊಬೈಲ್‌ನಲ್ಲಿ ಬುಕಿಂಗ್ ತೆಗೆಸಿ ರೂಮಿನ ಹೆಸರಿನ ಕೆಳಗೆ ನೋಡಿ. ಅಳತೆಯೂ ಅಲ್ಲೇ ಇರುತ್ತದೆ. 10 ಚದರ ಮೀಟರ್ ಅಂದರೆ ಸುಮಾರು 107 ಚದರ ಅಡಿ, ನಮ್ಮ ಹಳೇ ಮನೆಗಳ ಅಡುಗೆಮನೆಯಷ್ಟು. ‘ನೋ ವಿಂಡೋ’ ಅಂತ ಬರೆದಿದ್ದರೆ ನಿಮ್ಮ ಕೇಸು ತೆಳು. ಬರೆಯದೆ ಪರದೆಯ ಫೋಟೊ ಮಾತ್ರ ಹಾಕಿದ್ದರೆ ಅದು ಮೋಸವೇ. ಮೊದಲು ಆ್ಯಪ್‌ನವರಿಗೆ ದೂರು ಕೊಡಿ. ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವಿರುವ ಮಂಡ್ಯ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 2 ವರ್ಷ ಕಾಲಾವಕಾಶ ಇದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಮೂರು ಗಂಟೆ ಚೆಕ್‌ಇನ್ ಬಗ್ಗೆ ಮಾತ್ರ ನಾನು ಹೋಟೆಲಿನವರ ಕಡೆ. ನಮ್ಮ ಲಾಡ್ಜ್‌ಗಳಲ್ಲಿ ‘24 ಗಂಟೆ ಚೆಕ್‌ಔಟ್’ ಬೋರ್ಡ್ ನೋಡಿ ನಮಗೆ ರೂಢಿ ಬೇರೆ. ಅಲ್ಲಿ ಗಂಟೆ ಅಂದರೆ ಗಂಟೆ. ಆದರೆ ಲಗೇಜ್ ಕೌಂಟರಿನಲ್ಲಿಟ್ಟು ಹೊರಡಬಹುದಿತ್ತಲ್ವಾ? ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸದಲ್ಲಿ ದೋಸೆ, ಅದೇ ರಸ್ತೆಯ ವೀರಮಾಕಾಳಿಯಮ್ಮನ ಗುಡಿಯಲ್ಲಿ ಒಂದು ಕೈ ಮುಗಿದು, ನೆರಳಲ್ಲಿ ಕೂತಿದ್ದರೂ ಸೋಫಾಕ್ಕಿಂತ ವಾಸಿ.

ನಮ್ಮಪ್ಪ ಮೈಸೂರಿನಲ್ಲಿ 14 ರೂಮಿನ ಲಾಡ್ಜ್ ನಡೆಸುತ್ತಿದ್ದರು. ಏಳನೇ ನಂಬರಿನ ಕಿಟಕಿ ತೆಗೆದರೆ ಪಕ್ಕದ ಮೆಸ್ಸಿನ ಒಗ್ಗರಣೆ ಹೊಗೆ ನೇರ ಮೂಗಿಗೆ. ದಸರಾ ಟೈಮಲ್ಲಿ ಅದಕ್ಕೂ ಗಿರಾಕಿ ಇರುತ್ತಿದ್ದರು. ಆದರೂ ಅಪ್ಪ ಕೀಲಿ ಕೊಟ್ಟು ‘ಮೊದಲು ಮೇಲೆ ಹೋಗಿ ನೋಡ್ಕೊಂಡ್ ಬನ್ನಿ, ಆಮೇಲೆ ರಿಜಿಸ್ಟರ್’ ಅನ್ನುತ್ತಿದ್ದರು. ಹತ್ತರಲ್ಲಿ ಮೂರು ಜನ ಇಳಿದು ಬಂದು ‘ಬೇರೆ ಇದ್ರೆ ಕೊಡಿ ಸ್ವಾಮಿ’ ಅನ್ನೋರು. ಅಪ್ಪ ಬೈದುಕೊಂಡೇ ಬೇರೆ ಕೀಲಿ ತೆಗೆಯುತ್ತಿದ್ದರು.

ನೀವೂ ಮೈಸೂರಿನ ಲಾಡ್ಜಿನಲ್ಲಾಗಿದ್ದರೆ ಹಾಗೇ ಇಳಿದು ಬರುತ್ತಿದ್ದಿರಿ. ಪರದೇಶದಲ್ಲಿ ಇಂಗ್ಲಿಷಿನ ಸಂಕೋಚ, ಬುಕ್ ಮಾಡಿದ ಮಗನಿಗೆ ಬೇಜಾರಾಗಬಾರದು ಅಂತ ಬೇರೆ. ನಾಲ್ಕು ರಾತ್ರಿ ನುಂಗಿಕೊಂಡಿರಿ. ಮೊದಲ ದಿನವೇ ಕೇಳಿದ್ದರೆ, ರೂಮ್ ಖಾಲಿ ಇದ್ದಲ್ಲಿ ರಾತ್ರಿಗೆ ಇಷ್ಟು ಅಂತ ಜಾಸ್ತಿ ಪಡೆದು ಕಿಟಕಿ ಇರುವುದು ಕೊಡುತ್ತಿದ್ದರೇನೋ.

ನಿಮ್ಮ ಮನೆಯವರು ಮಾಡಿದ ಆ ವಿಡಿಯೊ ಅಳಿಸಬೇಡಿ. ಪರದೆ ಸರಿಸುವುದು ಅದರಲ್ಲಿ ಬಂದಿದ್ದರೆ ದೂರಿನ ಜೊತೆ ಅದನ್ನೇ ಕಳಿಸಿ.